ರೋಗಕ್ಕೆ ಬಣ್ಣವುಂಟೆ?

(ಗ್ರಂಥಾಲಯವೊಂದರ ವಾರಾಂತ್ಯ ಉಪನ್ಯಾಸ ಮಾಲೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ನಾನು ವೈದ್ಯನಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ಸುದ್ದಿಮನೆ ಸೇರಿದವನು. ಹಾಗಿದ್ದೂ ಇಂದು ಕ್ಯಾನ್ಸರ್ ಕುರಿತು ಮಾತನಾಡಲು ನಿಂತಿರುವುದಕ್ಕೆ ನಾನೇ ಮಾಡಿದ ಒಂದು ತಪ್ಪು ಕಾರಣ. ಅದನ್ನು ಮೊದಲು ಹೇಳಿಬಿಡುತ್ತೇನೆ.

2024ರ ಜನವರಿಯಲ್ಲಿ ಅಮೆರಿಕದಿಂದ ಎರಡು ಸುದ್ದಿಗಳು ಬಂದವು. ಅಂದಿನ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಆಸ್ಪತ್ರೆ ಸೇರಿದ್ದರು. ಆ ಹುದ್ದೆಗೇರಿದ ಮೊದಲ ಕಪ್ಪು ಅಮೆರಿಕನ್ನರು ಅವರು. ಹಿಂದಿನ ಡಿಸೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಅವರಿಗೆ ಶಸ್ತ್ರಚಿಕಿತ್ಸೆ ನಡೆದಿತ್ತು. ಆ ಸಂಗತಿ ಸ್ವತಃ ಅಧ್ಯಕ್ಷರಿಗೇ ಗೊತ್ತಿರಲಿಲ್ಲ. ಅದೇ ತಿಂಗಳ 22ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಎರಡನೆಯ ಮಗ ಡೆಕ್ಸ್‌ಟರ್ ಕಿಂಗ್ ಇದೇ ರೋಗದಿಂದ ತೀರಿಕೊಂಡರು. ವಯಸ್ಸು 62. ಎರಡನ್ನೂ ಸೇರಿಸಿ ನಾನೊಂದು ಪುಟ್ಟ ಬರಹ ಮಾಡಿದೆ. ಈ ರೋಗದಿಂದ ಸಾಯುವ ಪ್ರಮಾಣ ಅಮೆರಿಕದ ಕಪ್ಪು ಗಂಡಸರಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಎಂಬ ಅಂಕಿಯನ್ನು ಕೊನೆಗೆ ಸೇರಿಸಿ, ‘ಕಪ್ಪು ಜನಾಂಗಕ್ಕೆ ಮಾರಕ ಕ್ಯಾನ್ಸರ್’ ಎಂದು ತಲೆಬರಹ ಕೊಟ್ಟೆ.

ಮರುದಿನ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. “ಏನಪ್ಪಾ, ನೀನು ಬರೆದದ್ದು ಓದಿದೆ. ಅವರು ಕಪ್ಪಗೆ ಹುಟ್ಟಿದ್ದರಿಂದ ಸಾಯುತ್ತಾರೋ, ಕಪ್ಪಗಿದ್ದಾರೆಂದು ಬೇರೆ ರೀತಿ ನೋಡುವುದರಿಂದ ಸಾಯುತ್ತಾರೋ? ಅದನ್ನಲ್ಲವೆ ನೀನು ಬರೆಯಬೇಕಾಗಿದ್ದುದು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂಕಿ ಸರಿಯಿತ್ತು. ಆದರೆ ಆ ತಲೆಬರಹ ಕಾರಣವನ್ನು ಜನಾಂಗದ ಮೇಲೆ ಹೊರಿಸಿಬಿಟ್ಟಿತ್ತು. ಅಂದಿನಿಂದ ಓದಿ ತಿಳಿದದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ರೋಗದ ಪರಿಚಯ. ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರದಲ್ಲಿ ಇರುತ್ತದೆ. ವಯಸ್ಸಾದಂತೆ ಬಹುಮಂದಿಗೆ ಇದು ಊದಿಕೊಳ್ಳುತ್ತದೆ. ಆ ಊತವೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದಾಗಲೂ ಅದು ಗ್ರಂಥಿಯೊಳಗೇ ಇರುವಾಗ ಪತ್ತೆಯಾದರೆ ರೋಗಿ ಹೆಚ್ಚುಕಡಿಮೆ ಪೂರ್ಣಾಯುಷ್ಯ ಬದುಕಬಲ್ಲ. ಅದು ಗ್ರಂಥಿ ದಾಟಿ ದೂರದ ಅಂಗಗಳಿಗೆ, ಮುಖ್ಯವಾಗಿ ಬೆನ್ನು ಮತ್ತು ಸೊಂಟದ ಮೂಳೆಗಳಿಗೆ, ಹಬ್ಬಿದ ಮೇಲೆ ಸ್ಥಿತಿ ಬೇರೆ. ಆಗ ಐದು ವರ್ಷ ದಾಟುವವರು ಸುಮಾರು ಮೂರನೆಯ ಒಂದು ಭಾಗ ಮಾತ್ರ. ನಾವು ಇಂದು ಮಾತನಾಡುತ್ತಿರುವುದು ಮುಖ್ಯವಾಗಿ ಈ ಮುಂದುವರಿದ ಹಂತದ ಬಗ್ಗೆ.

ಈ ಹಂತಕ್ಕೆ ಮೊದಲ ಮದ್ದು ಕಂಡುಕೊಂಡವರು ಷಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್. ಗಂಡು ಹಾರ್ಮೋನೇ ಈ ಕ್ಯಾನ್ಸರಿಗೆ ಗೊಬ್ಬರವೆಂದೂ, ವೃಷಣಗಳನ್ನು ತೆಗೆದರೆ ರೋಗ ಹಿಂಜರಿಯುತ್ತದೆಂದೂ 1941ರಲ್ಲಿ ಅವರು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1980ರ ದಶಕದ ನಡುವಿನಿಂದ ಅದೇ ಕೆಲಸವನ್ನು ಚುಚ್ಚುಮದ್ದೂ ಮಾಡತೊಡಗಿತು. ಹಾರ್ಮೋನ್ ನಿಲ್ಲಿಸಿದರೂ ಜಗ್ಗದ ರೋಗಕ್ಕೆ 2004ರಲ್ಲಿ ಡೊಸಿಟ್ಯಾಕ್ಸೆಲ್, 2010ರಲ್ಲಿ ರೋಗಿಯ ರಕ್ತಕಣಗಳಿಂದಲೇ ತಯಾರಿಸುವ ಸಿಪುಲ್ಯೂಸೆಲ್-ಟಿ, 2011ರಲ್ಲಿ ಅಬಿರಾಟೆರೋನ್, 2012ರಲ್ಲಿ ಎನ್ಜಲುಟಮೈಡ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಅಂದರೆ ಗುಣವಾಗದಿದ್ದರೂ ದಿನಗಳನ್ನು ಮುಂದೂಡುವ ಮದ್ದುಗಳು ಒಂದರ ಮೇಲೊಂದು ಬಂದವು. ಬಂದ ಮದ್ದು ಯಾರಿಗೆ ತಲುಪಿತು ಎಂಬಲ್ಲಿಂದ ನಮ್ಮ ಪ್ರಶ್ನೆ ಆರಂಭವಾಗುತ್ತದೆ.

ಅಮೆರಿಕದಲ್ಲಿ ಪ್ರತಿ ಎಂಟು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಈ ರೋಗ ಪತ್ತೆಯಾಗುತ್ತದೆ. ಕಪ್ಪು ಗಂಡಸರಲ್ಲಿ ಆರಕ್ಕೊಬ್ಬರಿಗೆ. ಅವರಿಗೆ ಸರಾಸರಿ ಕಡಿಮೆ ವಯಸ್ಸಿನಲ್ಲೇ ರೋಗ ಕಾಣಿಸಿಕೊಳ್ಳುತ್ತದೆ. ಪತ್ತೆಯಾಗುವಾಗ ಅದು ಮುಂದುವರಿದಿರುವ ಸಂಭವವೂ ಹೆಚ್ಚು. ‘ಬ್ಲ್ಯಾಕ್ ಪವರ್’ ಘೋಷಣೆಯನ್ನು 1966ರಲ್ಲಿ ಜನಪ್ರಿಯಗೊಳಿಸಿದ ಸ್ಟೋಕ್ಲಿ ಕಾರ್ಮೈಕಲ್ 1998ರಲ್ಲಿ ಇದೇ ರೋಗಕ್ಕೆ ಬಲಿಯಾದಾಗ ಅವರಿಗೆ 57 ವರ್ಷ.

ಈ ಅಂತರಕ್ಕೆ ಕಾರಣವೇನು? ಬಹುಕಾಲ ಸಿಗುತ್ತಿದ್ದ ಸುಲಭ ಉತ್ತರವೆಂದರೆ, ‘ಅದು ಅವರ ರಕ್ತದಲ್ಲಿದೆ’. ಅಮೆರಿಕದ ವೈದ್ಯಕೀಯ ಚರಿತ್ರೆಯಲ್ಲಿ ಈ ‘ರಕ್ತ’ ಎಂಬ ಮಾತಿಗೆ ಒಂದು ಕೆಟ್ಟ ನೆನಪು ಅಂಟಿಕೊಂಡಿದೆ.

ಅಲಬಾಮ ರಾಜ್ಯದ ಟಸ್ಕಿಗೀ ಪಟ್ಟಣದ ಸುತ್ತ 1932ರಲ್ಲಿ ಸರಕಾರಿ ಆರೋಗ್ಯ ಇಲಾಖೆ ಒಂದು ಅಧ್ಯಯನ ಆರಂಭಿಸಿತು. ಬಡ ಕಪ್ಪು ರೈತರು, ಗೇಣಿದಾರರು ಸುಮಾರು 600 ಮಂದಿ. ಅವರಲ್ಲಿ 399 ಜನರಿಗೆ ಸಿಫಿಲಿಸ್ ರೋಗವಿತ್ತು. ರೋಗದ ಹೆಸರನ್ನು ಅವರಿಗೆ ತಿಳಿಸಲಿಲ್ಲ. ‘ನಿಮ್ಮದು ಕೆಟ್ಟ ರಕ್ತ, ಔಷಧಿ ಕೊಡುತ್ತೇವೆ’ ಎನ್ನಲಾಯಿತು. ನಿಜವಾಗಿ, ಔಷಧಿ ಕೊಡದಿದ್ದರೆ ರೋಗ ಹೇಗೆ ಬೆಳೆಯುತ್ತದೆಂದು ನೋಡುವುದೇ ಉದ್ದೇಶವಾಗಿತ್ತು. 1940ರ ದಶಕದ ಕೊನೆಗೆ ಪೆನಿಸಿಲಿನ್ ಈ ರೋಗದ ಸಿದ್ಧ ಮದ್ದಾಯಿತು. ಅದನ್ನೂ ಇವರಿಗೆ ಕೊಡಲಿಲ್ಲ. 1972ರ ಜುಲೈಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರ್ತಿ ಜೀನ್ ಹೆಲ್ಲರ್ ಬರೆದ ವರದಿಯಿಂದ ವಿಷಯ ಬಯಲಾಗುವವರೆಗೆ, ನಲವತ್ತು ವರ್ಷ, ಇದು ನಡೆಯಿತು. 1997ರ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು.

ಇದೊಂದೇ ಅಲ್ಲ. 1946ರಲ್ಲಿ ಬಂದ ಕೇಂದ್ರ ಕಾಯಿದೆಯೊಂದು ಆಸ್ಪತ್ರೆ ಕಟ್ಟಲು ಸರಕಾರಿ ಹಣ ಕೊಟ್ಟಿತು. ಕಪ್ಪು ಜನರಿಗೂ ಬಿಳಿಯರಿಗೂ ಪ್ರತ್ಯೇಕ ಆಸ್ಪತ್ರೆಗಳಿದ್ದರೆ ತಪ್ಪಿಲ್ಲವೆಂದೂ ಹೇಳಿತು. 1963ರಲ್ಲಿ ನ್ಯಾಯಾಲಯ ಆ ಅವಕಾಶವನ್ನು ತಳ್ಳಿಹಾಕಿತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂತು. 1966ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ವಿಮೆ ಜಾರಿಯಾದಾಗ, ಬಣ್ಣ ನೋಡಿ ವಾರ್ಡ್ ಹಂಚುವ ಆಸ್ಪತ್ರೆಗೆ ಈ ಹಣ ಸಿಗದು ಎಂದ ಮೇಲೆ ದಕ್ಷಿಣದ ಆಸ್ಪತ್ರೆಗಳು ಬಾಗಿಲು ತೆರೆದವು. ಸ್ವಲ್ಪ ಲೆಕ್ಕ ಹಾಕಿ ನೋಡಿ. 1950ರಲ್ಲಿ ದಕ್ಷಿಣದಲ್ಲಿ ಹುಟ್ಟಿದ ಕಪ್ಪು ಗಂಡಸು ತನ್ನ ಬಾಲ್ಯವನ್ನೆಲ್ಲ ಈ ಪ್ರತ್ಯೇಕ ಬಾಗಿಲುಗಳ ಕಾಲದಲ್ಲಿ ಕಳೆದಿದ್ದಾನೆ. ಪ್ರಾಸ್ಟೇಟ್ ಕ್ಯಾನ್ಸರ್ ಬರುವುದು ಹೆಚ್ಚಾಗಿ ಅರವತ್ತು, ಎಪ್ಪತ್ತರ ವಯಸ್ಸಿನಲ್ಲಿ. ಅಂದರೆ ನಾವು ಹಳೆಯ ಚರಿತ್ರೆ ಎಂದುಕೊಳ್ಳುವುದು ಇಂದಿನ ರೋಗಿಯ ನೆನಪಿನಲ್ಲೇ ಇದೆ.

ಹಾಗೆಂದು ‘ಅವರಿಗೆ ಡಾಕ್ಟರ ಮೇಲೆ ನಂಬಿಕೆಯಿಲ್ಲ, ಅದಕ್ಕೇ ಸಾಯುತ್ತಾರೆ’ ಎಂದು ಮುಗಿಸಿದರೆ ತಪ್ಪನ್ನು ಮತ್ತೆ ರೋಗಿಯ ತಲೆಗೇ ಕಟ್ಟಿದಂತಾಗುತ್ತದೆ. ವಿಮೆ ಇದೆಯೆ, ಹತ್ತಿರದಲ್ಲಿ ತಜ್ಞರಿದ್ದಾರೆಯೆ, ವೈದ್ಯರು ಹೊಸ ಮದ್ದಿನ ಬಗ್ಗೆ ಹೇಳುತ್ತಾರೆಯೆ ಎಂಬ ಪ್ರಶ್ನೆಗಳೂ ಇವೆ. ಅಮೆರಿಕದಲ್ಲಿ 65 ತುಂಬುವವರೆಗೆ ಎಲ್ಲರಿಗೂ ದೊರೆಯುವ ಸರಕಾರಿ ವಿಮೆ ಇಲ್ಲ. ಕಡಿಮೆ ವಯಸ್ಸಿನಲ್ಲೇ ರೋಗ ಬರುವವರಿಗೆ ಇದು ದೊಡ್ಡ ಪೆಟ್ಟು.

ಹಾಗಾದರೆ ರಕ್ತವೋ ಬಾಗಿಲೋ ಎಂದು ಪರೀಕ್ಷಿಸುವುದು ಹೇಗೆ? ದಾರಿ ಸರಳವಾಗಿದೆ. ಇಬ್ಬರಿಗೂ ಒಂದೇ ಬಗೆಯ ಚಿಕಿತ್ಸೆ ಸಿಗುವ ಜಾಗವನ್ನು ಹುಡುಕಿ, ಅಲ್ಲಿ ಅಂತರ ಉಳಿಯುತ್ತದೆಯೇ ಎಂದು ನೋಡುವುದು. ಅಂಥ ಎರಡು ಜಾಗಗಳಿವೆ. ಒಂದು, ಮಾಜಿ ಸೈನಿಕರ ಸರಕಾರಿ ಆಸ್ಪತ್ರೆಗಳು. ಇನ್ನೊಂದು, ಎಲ್ಲ ರೋಗಿಗಳಿಗೂ ಒಂದೇ ವಿಧಾನದಲ್ಲಿ ಮದ್ದು ಕೊಟ್ಟು ಲೆಕ್ಕವಿಡುವ ವೈದ್ಯಕೀಯ ಪ್ರಯೋಗಗಳು.

2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಮೂರು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿತು. ರಾಷ್ಟ್ರೀಯ ಕ್ಯಾನ್ಸರ್ ದಾಖಲೆಗಳು, ಮಾಜಿ ಸೈನಿಕರ ಆಸ್ಪತ್ರೆಗಳು ಮತ್ತು ಪ್ರಯೋಗಗಳು, ಈ ಮೂರನ್ನೂ ಅದು ಪ್ರತ್ಯೇಕವಾಗಿ ನೋಡಿತು. ವಯಸ್ಸು, ರೋಗದ ಹಂತ, ಚಿಕಿತ್ಸೆ ಮೊದಲಾದವನ್ನು ಸರಿದೂಗಿಸಿದಾಗ ರಾಷ್ಟ್ರೀಯ ದಾಖಲೆಗಳಲ್ಲಿ ಅಂತರ ಬಹಳ ಚಿಕ್ಕದಾಯಿತು. ಮಾಜಿ ಸೈನಿಕರ ಆಸ್ಪತ್ರೆಗಳಲ್ಲೂ ಪ್ರಯೋಗಗಳಲ್ಲೂ ಕಪ್ಪು ರೋಗಿಗಳ ಪಾಡು ಬಿಳಿಯರಿಗಿಂತ ಕೆಟ್ಟದಾಗಿರಲಿಲ್ಲ.

ಮುಂದುವರಿದ ಹಂತದ ಬಗ್ಗೆ ಇನ್ನೂ ನೇರವಾದ ಸಾಕ್ಷ್ಯವಿದೆ. ಡ್ಯೂಕ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞೆ ಸೂಸನ್ ಹಲಾಬಿ ಮತ್ತು ಸಂಗಡಿಗರು ಡೊಸಿಟ್ಯಾಕ್ಸೆಲ್ ಬಳಸಿದ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದರು. ಎಲ್ಲವೂ ಹಾರ್ಮೋನ್ ಚಿಕಿತ್ಸೆಗೆ ಬಗ್ಗದ, ದೇಹದಲ್ಲಿ ಹಬ್ಬಿದ ರೋಗದವು. ರೋಗಿಗಳು 8,800ಕ್ಕೂ ಹೆಚ್ಚು. ಫಲಿತಾಂಶ 2018ರಲ್ಲಿ ಮೊದಲು ಹೊರಬಂತು. ರೋಗಿಗಳನ್ನು ಬದುಕಿದ ಅವಧಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನು ಎಷ್ಟು ಕಾಲ ಬದುಕಿದ ಎಂಬುದನ್ನು ಇಂಥ ಲೆಕ್ಕಗಳಲ್ಲಿ ಅಳತೆಗೋಲಾಗಿ ಹಿಡಿಯುತ್ತಾರೆ. ಬಿಳಿಯರ ಸಾಲಿನಲ್ಲಿ ಅದು 21 ತಿಂಗಳು. ಕಪ್ಪು ಜನರ ಸಾಲಿನಲ್ಲೂ 21 ತಿಂಗಳು! ಇನ್ನೂ ಒಂದು ಮಾತಿದೆ. ಪ್ರಯೋಗಕ್ಕೆ ಸೇರುವಾಗ ಕಪ್ಪು ರೋಗಿಗಳ ಸ್ಥಿತಿ ಸ್ವಲ್ಪ ಹೆಚ್ಚು ಹದಗೆಟ್ಟಿತ್ತು. ಅದನ್ನು ಲೆಕ್ಕಕ್ಕೆ ಹಿಡಿದರೆ ಅವರ ಸಾವಿನ ಅಪಾಯ ಬಿಳಿಯರಿಗಿಂತ ಶೇ 19ರಷ್ಟು ಕಡಿಮೆಯೇ ಇತ್ತು.

ಸಿಪುಲ್ಯೂಸೆಲ್-ಟಿ ಪಡೆದವರ ದಾಖಲೆ ಪುಸ್ತಕವನ್ನು ನೋಡಿದವರಿಗೂ ಇಂಥದೇ ಅಚ್ಚರಿ ಕಾದಿತ್ತು. ರೋಗದ ಮಟ್ಟವನ್ನು ರಕ್ತಪರೀಕ್ಷೆಯಿಂದ ಸರಿಹೊಂದಿಸಿ ಜೋಡಿ ಮಾಡಿದಾಗ ಕಪ್ಪು ರೋಗಿಗಳು ಸುಮಾರು 35 ತಿಂಗಳು, ಬಿಳಿಯರು ಸುಮಾರು 26 ತಿಂಗಳು ಬದುಕಿದ್ದರು. 2020ರಲ್ಲಿ ಇದು ಪ್ರಕಟವಾಯಿತು. ಮದ್ದು ತಲುಪಿದಲ್ಲಿ ಅವರ ‘ರಕ್ತ’ ಹಿಂದೆ ಬೀಳಲಿಲ್ಲ, ಕೆಲವೆಡೆ ಮುಂದೆಯೇ ಹೋಯಿತು.

ಇಲ್ಲಿ ಎಚ್ಚರ ಬೇಕು. ಪ್ರಯೋಗಕ್ಕೆ ಸೇರುವವನು ಸಾಮಾನ್ಯ ರೋಗಿಯಲ್ಲ. ದೊಡ್ಡ ಆಸ್ಪತ್ರೆಯವರೆಗೆ ಬರಬಲ್ಲವನು, ಮತ್ತೆ ಮತ್ತೆ ಬರಲು ಕೆಲಸಕ್ಕೆ ರಜೆ ಹಾಕಬಲ್ಲವನು, ಇತರ ಕಾಯಿಲೆಗಳು ಅಷ್ಟಾಗಿ ಇಲ್ಲದವನು. ಬಾಗಿಲು ದಾಟಿ ಬಂದವರ ಲೆಕ್ಕ ಇದು. ದಾಟಲಾಗದವರು ಈ ಲೆಕ್ಕದಲ್ಲಿಲ್ಲ. ಹಲಾಬಿಯವರ ಒಂಬತ್ತು ಪ್ರಯೋಗಗಳಲ್ಲಿ ಕಪ್ಪು ರೋಗಿಗಳು ಶೇ 6ರಷ್ಟು ಮಾತ್ರ, 500 ಮಂದಿ. ಅಮೆರಿಕದ ಜನಸಂಖ್ಯೆಯಲ್ಲಿ ಅವರ ಪಾಲು ಅದರ ಎರಡರಷ್ಟಿದೆ. ಸರಕಾರಿ ಹಣದ ಸಂಶೋಧನೆಗಳಲ್ಲಿ ಅಲ್ಪಸಂಖ್ಯಾತರನ್ನು ಸೇರಿಸಿಕೊಳ್ಳಬೇಕೆಂದು 1993ರಲ್ಲೇ ಕಾಯಿದೆ ಬಂದಿದ್ದರೂ ಈ ಕೊರತೆ ತುಂಬಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ದೇಹದ ಪಾತ್ರ ಏನೂ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ಇಲ್ಲಿ ನಾವು ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ನೋಡಬೇಕು. ರೋಗ ಯಾರಿಗೆ ಬರುತ್ತದೆ ಎಂಬುದು ಒಂದು. ಬಂದ ಮೇಲೆ ಯಾರು ಉಳಿಯುತ್ತಾರೆ ಎಂಬುದು ಇನ್ನೊಂದು. ನನ್ನ ತಲೆಬರಹ ಇವೆರಡನ್ನೂ ಕಲಸಿಬಿಟ್ಟಿತ್ತು.

ಎಂಟನೆಯ ವರ್ಣತಂತುವಿನ ಒಂದು ಭಾಗದಲ್ಲಿರುವ ಕೆಲವು ವ್ಯತ್ಯಾಸಗಳು ಈ ರೋಗದ ಅಪಾಯವನ್ನು ಹೆಚ್ಚಿಸುತ್ತವೆಂದು 2006ರಲ್ಲಿ ಗೊತ್ತಾಯಿತು. ಐಸ್‌ಲೆಂಡಿನ ಒಂದು ತಂಡವೂ ಅಮೆರಿಕದ ಒಂದು ತಂಡವೂ ಬೇರೆ ಬೇರೆಯಾಗಿ ಇದನ್ನು ಕಂಡವು. ಆಫ್ರಿಕ ಮೂಲದವರಲ್ಲಿ ಇಂಥ ವ್ಯತ್ಯಾಸಗಳು ಹೆಚ್ಚು ಕಾಣಸಿಗುತ್ತವೆ. ಕೆರಿಬಿಯನ್ ದ್ವೀಪಗಳಲ್ಲಿ, ಸಹರಾದ ದಕ್ಷಿಣದ ಅನೇಕ ದೇಶಗಳಲ್ಲಿ ಗಂಡಸರ ಕ್ಯಾನ್ಸರ್ ಸಾವುಗಳಲ್ಲಿ ಇದೇ ಮುಂದಿದೆ. ಆದ್ದರಿಂದ ರೋಗ ಬರುವ ಸಂಭವದಲ್ಲಿ ವಂಶದ ಪಾಲು ಇದೆ ಎನ್ನಲು ಆಧಾರವಿದೆ.

ಎರಡನೆಯ ಪ್ರಶ್ನೆಗೆ ಇಂಗ್ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿ ಆಸ್ಪತ್ರೆಗೆ ಹೋದವನನ್ನು ವಿಮೆ ಇದೆಯೇ ಎಂದು ಕೇಳುವುದಿಲ್ಲ. 2008ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. ಜೀವಮಾನದಲ್ಲಿ ರೋಗ ಪತ್ತೆಯಾಗುವುದು ಬಿಳಿಯರಲ್ಲಿ ಎಂಟಕ್ಕೊಬ್ಬರಿಗೆ, ಕಪ್ಪು ಜನರಲ್ಲಿ ನಾಲ್ಕಕ್ಕೊಬ್ಬರಿಗೆ, ನಮ್ಮವರೂ ಸೇರಿದ ಏಷ್ಯ ಮೂಲದವರಲ್ಲಿ ಹದಿಮೂರಕ್ಕೊಬ್ಬರಿಗೆ. ಸಾಯುವುದು ಬಿಳಿಯರಲ್ಲಿ 24ಕ್ಕೊಬ್ಬರು, ಕಪ್ಪು ಜನರಲ್ಲಿ 12ಕ್ಕೊಬ್ಬರು, ಏಷ್ಯದವರಲ್ಲಿ 44ಕ್ಕೊಬ್ಬರು. ಈಗ ಭಾಗಿಸಿ ನೋಡಿ. ರೋಗ ಬಂದವರಲ್ಲಿ ಅದರಿಂದ ಸಾಯುವವರು ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗವೇ. ಕಪ್ಪು ಜನರಿಗೆ ಅಲ್ಲಿಯೂ ರೋಗ ಹೆಚ್ಚು ಬರುತ್ತದೆ. ಆದರೆ ಬಂದ ಮೇಲೆ ಬದುಕಿನ ದಾರಿ ಬಣ್ಣ ನೋಡಿ ಕವಲೊಡೆಯುವುದಿಲ್ಲ.

ಇನ್ನು ‘ಜನಾಂಗ’ ಎಂಬ ಪದ. ಅಮೆರಿಕದ ಜನಗಣತಿಯ ಒಂದೇ ಚೌಕದಲ್ಲಿ, ಗುಲಾಮರಾಗಿ ತರಲ್ಪಟ್ಟವರ ಏಳೆಂಟನೆಯ ತಲೆಮಾರಿನವರೂ ನಿನ್ನೆ ಮೊನ್ನೆ ನೈಜೀರಿಯದಿಂದ ಬಂದ ಎಂಜಿನಿಯರರೂ ಜಮೈಕದ ಚಾಲಕರೂ ಸೇರುತ್ತಾರೆ. ಬಹುಪಾಲು ಕಪ್ಪು ಅಮೆರಿಕನ್ನರ ವಂಶದಲ್ಲಿ ಯೂರೋಪಿನವರೂ ಇದ್ದಾರೆ. ಮಾನವರ ನಡುವಿನ ಆನುವಂಶಿಕ ವೈವಿಧ್ಯದಲ್ಲಿ ಸುಮಾರು ಶೇ 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆ ಎಂದು ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ 1972ರಲ್ಲಿ ತೋರಿಸಿದರು. ಚರ್ಮದ ಬಣ್ಣ ವಂಶದ ಬಗ್ಗೆ ಸ್ಥೂಲವಾಗಿ ಏನನ್ನೋ ಹೇಳೀತು. ಆದರೆ ಒಬ್ಬ ಮನುಷ್ಯ ಯಾವ ಬೀದಿಯಲ್ಲಿ ಬೆಳೆದ, ಯಾವ ಕೆಲಸ ಸಿಕ್ಕಿತು, ಡಾಕ್ಟರು ಅವನ ಮಾತನ್ನು ಎಷ್ಟು ಹೊತ್ತು ಕೇಳಿದರು ಎಂಬುದರ ಬಗ್ಗೆ ಅದು ಇನ್ನೂ ಹೆಚ್ಚು ಹೇಳುತ್ತದೆ.

ಬೇಗ ಪತ್ತೆ ಹಚ್ಚುವ ವಿಷಯದಲ್ಲೂ ಇದೇ ತೊಡಕು. ಪಿಎಸ್ಎ ಎಂಬ ರಕ್ತಪರೀಕ್ಷೆ ರೋಗದ ಸುಳಿವು ಕೊಡುತ್ತದೆ. ಆದರೆ ಎಂದೂ ತೊಂದರೆ ಕೊಡದ ಕ್ಯಾನ್ಸರುಗಳನ್ನೂ ಹೊರಗೆಳೆದು ಬೇಡದ ಶಸ್ತ್ರಚಿಕಿತ್ಸೆಗೆ ದಾರಿ ಮಾಡುತ್ತದೆ. ಹೀಗಾಗಿ 2012ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಯಾರಿಗೂ ವಾಡಿಕೆಯ ಪರೀಕ್ಷೆ ಬೇಡವೆಂದಿತು. 2018ರಲ್ಲಿ ನಿಲುವು ಸಡಿಲಿಸಿ, 55ರಿಂದ 69 ವಯಸ್ಸಿನವರು ವೈದ್ಯರೊಡನೆ ಚರ್ಚಿಸಿ ತಾವೇ ತೀರ್ಮಾನಿಸಲಿ ಎಂದಿತು. 2012ರ ಸಲಹೆಗೆ ಆಧಾರವಾಗಿದ್ದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಕಪ್ಪು ಗಂಡಸರು ಶೇ 5ಕ್ಕೂ ಕಡಿಮೆ. ಹೆಚ್ಚು ಅಪಾಯವಿರುವವರನ್ನೇ ಸರಿಯಾಗಿ ಎಣಿಸದೆ ಎಲ್ಲರಿಗೂ ಒಂದೇ ಸಲಹೆ ಕೊಟ್ಟಂತಾಯಿತು.

ಮತ್ತೊಂದು ಅಡ್ಡಿ ಮೌನ. ಆಸ್ಟಿನ್ 2024ರ ಫೆಬ್ರುವರಿ 1ರಂದು ಪತ್ರಕರ್ತರ ಮುಂದೆ ನಿಂತು, ವಿಷಯ ಮುಚ್ಚಿಟ್ಟದ್ದು ತಪ್ಪೆಂದು ಕ್ಷಮೆ ಕೇಳಿದರು. ಅವರ ರೋಗ ಬೇಗ ಪತ್ತೆಯಾಗಿತ್ತು, ಅತ್ಯುತ್ತಮ ಸೇನಾ ಆಸ್ಪತ್ರೆ ಅವರ ಕೈಯಳತೆಯಲ್ಲಿತ್ತು. ಅಂಥವರಿಗೇ ಬಾಯಿ ಬಿಡುವುದು ಕಷ್ಟವಾಯಿತು. ಗಾಯಕ ಹ್ಯಾರಿ ಬೆಲಫಾಂಟೆ 1996ರಲ್ಲಿ ತಮಗೆ ಈ ರೋಗ ಬಂದ ಮೇಲೆ ಬಹಿರಂಗವಾಗಿ ಮಾತನಾಡಿ ಇತರರನ್ನೂ ಪರೀಕ್ಷೆಗೆ ಕರೆದರು. ಕಪ್ಪು ಬಡಾವಣೆಗಳಲ್ಲಿ ಗಂಡಸರು ಮನಬಿಚ್ಚಿ ಮಾತನಾಡುವ ಜಾಗ ಕ್ಷೌರದಂಗಡಿ. ಆರೋಗ್ಯದ ಮಾತನ್ನು ಅಲ್ಲಿಗೇ ಒಯ್ದರೆ ಫಲ ಸಿಗುತ್ತದೆಂದು ಲಾಸ್ ಏಂಜಲಿಸ್‌ನ 52 ಅಂಗಡಿಗಳಲ್ಲಿ ನಡೆದ ರಕ್ತದೊತ್ತಡದ ಪ್ರಯೋಗವೊಂದು 2018ರಲ್ಲಿ ತೋರಿಸಿತು. ಔಷಧ ತಜ್ಞರು ಅಂಗಡಿಗೇ ಬಂದು ಮದ್ದು ಬರೆದುಕೊಟ್ಟಾಗ ರಕ್ತದೊತ್ತಡ ಗಣನೀಯವಾಗಿ ಇಳಿಯಿತು. ಕ್ಯಾನ್ಸರ್ ತಿಳಿವಳಿಕೆಯ ಮಾತೂ ಈಗ ಅದೇ ಅಂಗಡಿಗಳಲ್ಲಿ ನಡೆಯುತ್ತಿದೆ.

ಕೊನೆಗೆ ನಮ್ಮ ಕಡೆಗೆ ಒಂದು ನೋಟ. ಬೆಂಗಳೂರಿನಲ್ಲಿ 1982ರಿಂದ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ದಾಖಲೆ ಇಡಲಾಗುತ್ತಿದೆ. ನಮ್ಮಲ್ಲಿ ಈ ರೋಗದ ಪ್ರಮಾಣ ಅಮೆರಿಕಕ್ಕಿಂತ ಬಹಳ ಕಡಿಮೆ. ‘ನಮ್ಮ ರಕ್ತ ಒಳ್ಳೆಯದು’ ಎಂದು ಬೀಗುವಂತಿಲ್ಲ. ಜಪಾನಿನಿಂದ ಅಮೆರಿಕಕ್ಕೆ ಹೋದವರಲ್ಲಿ ಈ ರೋಗ ಊರಿನಲ್ಲಿ ಉಳಿದವರಿಗಿಂತ ಹೆಚ್ಚಾಯಿತು. ಪರಿಸರ, ಆಹಾರ, ಪರೀಕ್ಷೆಯ ರೂಢಿ ಎಲ್ಲದರ ಪಾಲೂ ಅದರಲ್ಲಿದೆ. ಅದಲ್ಲದೆ ನಮ್ಮಲ್ಲಿ ರೋಗ ಬಂದವರಲ್ಲಿ ಅನೇಕರು ವೈದ್ಯರ ಬಳಿ ಬರುವ ಹೊತ್ತಿಗೆ ಅದು ಮೂಳೆಗೆ ಹಬ್ಬಿರುತ್ತದೆ. ಮೂತ್ರದ ತೊಂದರೆಯನ್ನು ‘ವಯಸ್ಸಾಯಿತು’ ಎನ್ನುತ್ತೇವೆ. ಬೆನ್ನುನೋವನ್ನು ‘ವಾಯು’ ಎನ್ನುತ್ತೇವೆ. ಸೊಸೆಯಂದಿರ ಮುಂದೆ ಹೇಳಲು ನಾಚಿಕೆ, ಮಗನಿಗೆ ಖರ್ಚಾಗುತ್ತದೆಂಬ ಅಂಜಿಕೆ. ಹಗಿನ್ಸ್ 1941ರಲ್ಲಿ ತೋರಿಸಿದ ಶಸ್ತ್ರಚಿಕಿತ್ಸೆ ಅಗ್ಗವೆಂಬ ಕಾರಣಕ್ಕೆ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ. ನಮ್ಮ ಬಾಗಿಲುಗಳ ಮೇಲೆ ಬಣ್ಣದ ಹೆಸರು ಬರೆದಿಲ್ಲ. ದೂರ, ದುಡ್ಡು, ಸಂಕೋಚ ಎಂದು ಬರೆದಿದೆ.

ಮೇಷ್ಟ್ರಿಗೆ ಈಗ ಉತ್ತರ ಹೇಳಬಲ್ಲೆ. ಸರ್, ಅವರಿಗೆ ಈ ರೋಗ ಹೆಚ್ಚು ಬರುವುದರಲ್ಲಿ ಹುಟ್ಟಿನ ಪಾಲು ಸ್ವಲ್ಪ ಇರಬಹುದು. ಆದರೆ ಬಂದ ಮೇಲೆ, ಒಂದೇ ಮದ್ದು ಒಂದೇ ಹೊತ್ತಿಗೆ ಸಿಕ್ಕ ಕಡೆಗಳಲ್ಲಿ ಅವರು ಬಿಳಿಯರಷ್ಟೇ ಕಾಲ, ಕೆಲವೊಮ್ಮೆ ಅವರಿಗಿಂತ ಹೆಚ್ಚು ಕಾಲ ಬದುಕಿದ್ದಾರೆ. ಇದರಲ್ಲಿ ಒಂದು ಸಮಾಧಾನವೂ ಇದೆ. ರಕ್ತವನ್ನು ಬದಲಿಸಲು ಯಾವ ಸರಕಾರಕ್ಕೂ ಆಗದು. ಬಾಗಿಲು ತೆರೆಯಲು ಆಗುತ್ತದೆ. 1966ರಲ್ಲಿ ಒಮ್ಮೆ ತೆರೆದು ತೋರಿಸಿದ್ದಾರೆ.

ಅಂದಿನ ಆ ತಲೆಬರಹವನ್ನು ಇಂದು ಮತ್ತೆ ಬರೆಯಲು ಕೊಟ್ಟರೆ ‘ಜನಾಂಗ’ ಎಂಬ ಪದವನ್ನು ಹೊಡೆದುಹಾಕಿ, ‘ಮದ್ದು ತಲುಪಿದಲ್ಲಿ ಅಂತರವಿಲ್ಲ’ ಎಂದು ಬರೆಯುತ್ತೇನೆ.